ಸಹಿ, ಹೆಬ್ಬೆಟ್ಟು, ಹಸ್ತಾಕ್ಷರ: ಹಾಕುವವರಿಗೂ ಪಡೆಯುವವರಿಗೂ ಒಂದು ಕೈಪಿಡಿ

‘ಸಹಿ’ ಎಂಬ ಮಾತು ಅರಬ್ಬಿಯ ‘ಸಹೀಹ್’ ಎಂಬುದರಿಂದ ನಮ್ಮ ಕಚೇರಿಗಳ ಭಾಷೆಗೆ ಇಳಿದು ಬಂದದ್ದು. ಮೂಲದಲ್ಲಿ ಅದಕ್ಕೆ ‘ಸರಿಯಾದದ್ದು’ ಎಂದು ಅರ್ಥ. ಹಾಗಾಗಿ ಕಾಗದದ ಕೆಳಗೆ ಸಹಿ ಹಾಕುವುದೆಂದರೆ ಬರೀ ಹೆಸರು ಬರೆಯುವುದಲ್ಲ, ಮೇಲೆ ಬರೆದಿರುವುದೆಲ್ಲ ಸರಿಯಾಗಿದೆ ಎಂದು ಕೈಯಿಂದ ಹೇಳುವುದು. ‘ರುಜು’ ಎಂಬ ಮಾತಿನ ಪಕ್ಕದಲ್ಲೇ ‘ರುಜುವಾತು’ ಕೂತಿದೆ. ಹಳೆಯ ಕಾಗದಪತ್ರಗಳಲ್ಲಿ ಕಾಣುವ ‘ದಸ್ಕತ್ತು’ ಪಾರ್ಸಿಯ ‘ಕೈ’ ಮತ್ತು ‘ಬರಹ’ ಎಂಬ ಎರಡು ಮಾತುಗಳು ಕೂಡಿ ಆದದ್ದು. ಸಂಸ್ಕೃತದ ‘ಹಸ್ತಾಕ್ಷರ’ ಕೂಡ ಅದನ್ನೇ ಹೇಳುತ್ತದೆ. ಇಂದಿನ ಬಳಕೆಯಲ್ಲಿ ಮಾತ್ರ ಇವೆರಡು ದಾರಿ ಬೇರೆಯಾಗಿವೆ. ಬ್ಯಾಂಕಿನಲ್ಲಿ ಹಾಕುವುದು ಸಹಿ, ಮೆಚ್ಚಿನ ಲೇಖಕರಿಂದಲೋ ಆಟಗಾರರಿಂದಲೋ ಪುಸ್ತಕದ ಮೇಲೆ ಪಡೆಯುವುದು ಹಸ್ತಾಕ್ಷರ ಅಥವಾ ಆಟೋಗ್ರಾಫ್. ಮೊದಲನೆಯದರಲ್ಲಿ ನೋಡಬೇಕಾದದ್ದು ಸಹಿಯ ಮೇಲೆ ಏನು ಬರೆದಿದೆ ಎಂಬುದನ್ನು. ಎರಡನೆಯದರಲ್ಲಿ ಆ ಬರಹವೇ ಎಲ್ಲವೂ, ಅದರ ಮೇಲೆ ಏನೂ ಇರಬೇಕಾಗಿಲ್ಲ.

ಕೋಲಾರ, ಚಿಂತಾಮಣಿ, ಗುಬ್ಬಿಯ ಕಡೆಯ ಬ್ಯಾಂಕ್ ಶಾಖೆಗಳಲ್ಲಿ ನನ್ನ ಉದ್ಯೋಗದ ವರ್ಷಗಳು ಕಳೆದವು. ಈಗ ತುಮಕೂರಿನಲ್ಲಿ ನೆಲೆಸಿದ ಮೇಲೂ ಅಕ್ಕಪಕ್ಕದವರು ಕಾಗದ ಹಿಡಿದು, ‘ಸಾರ್, ಇದಕ್ಕೆ ಸಹಿ ಹಾಕಬಹುದಾ?’ ಎಂದು ಕೇಳಿಕೊಂಡು ಬರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ಅಂಕಿತದ ಹಳೆಯ ಜಾಡು

ವಿಧೇಯಕಕ್ಕೆ ರಾಜ್ಯಪಾಲರು ಅಂಕಿತ ಹಾಕಿದರು ಎಂದು ಪತ್ರಿಕೆಗಳು ಬರೆಯುತ್ತವೆ. ಅದೇ ‘ಅಂಕಿತ’ ವಚನಕಾರರದೂ ದಾಸರದೂ ಹೌದು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆಯಾದ ತೋಂಟದ ಸಿದ್ಧಲಿಂಗ ಯತಿಗಳ ವಚನಗಳು ‘ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭುವೇ’ ಎಂಬ ಅಂಕಿತದಿಂದ ಮುಗಿಯುತ್ತವೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ಕನ್ನಡದಲ್ಲಿ ಹಾಡಿದರೂ ತೆಲುಗಿನಲ್ಲಿ ಹಾಡಿದರೂ ಅವರ ಪದಗಳನ್ನು ‘ಅಮರನಾರೇಯಣ’ ಎಂಬ ಹೆಸರಿನಿಂದ ಗುರುತಿಸುತ್ತೇವೆ. ಇಲ್ಲೊಂದು ಸ್ವಾರಸ್ಯವಿದೆ: ಇವರಾರೂ ಸಹಿಯಲ್ಲಿ ತಮ್ಮ ಹೆಸರನ್ನು ಇಟ್ಟವರಲ್ಲ, ತಾವು ನಂಬಿದ ದೈವದ ಹೆಸರನ್ನು ಇಟ್ಟವರು. ವಿಜಯನಗರದ ಅರಸರೂ ಹಾಗೆಯೇ. ಅವರ ಎಷ್ಟೋ ತಾಮ್ರಶಾಸನಗಳ ಪಾಠ ಸಂಸ್ಕೃತದಲ್ಲಿ, ನಂದಿನಾಗರಿ ಲಿಪಿಯಲ್ಲಿ ಇದ್ದರೂ ಕೊನೆಯಲ್ಲಿ ಅರಸನ ರುಜುವಾಗಿ ‘ಶ್ರೀ ವಿರೂಪಾಕ್ಷ’ ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಕೊರೆದಿರುತ್ತದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದನೆಂದು ಹೇಳಲಾಗುವ ಹೈದರ್ ಅಲಿಗೆ ಓದುಬರಹ ಬರುತ್ತಿರಲಿಲ್ಲ. ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ, ಅದೂ ತಲೆಕೆಳಗಾಗಿ, ಬರೆಯುವುದನ್ನು ಕಲಿತು ಅದನ್ನೇ ರುಜುವಾಗಿ ಬಳಸುತ್ತಿದ್ದನೆಂದು ಚರಿತ್ರೆಕಾರರು ದಾಖಲಿಸಿದ್ದಾರೆ.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಸಹಿ ಇಂಥ ಲಿಪಿಯಲ್ಲೇ ಇರಬೇಕು, ಪೂರ್ತಿ ಹೆಸರೇ ಇರಬೇಕು, ಓದಲು ಬರಲೇಬೇಕು ಎಂಬ ನಿಯಮ ಅಂದೂ ಇರಲಿಲ್ಲ, ಇಂದಿನ ಕಾನೂನಿನಲ್ಲೂ ಇಲ್ಲ. ಇದು ನನ್ನ ಗುರುತು ಎಂಬ ಉದ್ದೇಶದಿಂದ, ನನ್ನ ಕೈಯಿಂದಲೇ ಹಾಕಿದ್ದು ಸಹಿಯಾಗುತ್ತದೆ. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ತೆಲುಗಿನಲ್ಲಿ ಸಹಿ ಹಾಕುವ ಹಿರಿಯರು ಇಂದಿಗೂ ಇದ್ದಾರೆ. ಕ್ರಯಪತ್ರ ಕನ್ನಡದಲ್ಲಿದ್ದು ಸಹಿ ತೆಲುಗಿನಲ್ಲಿದ್ದರೆ ಪತ್ರಕ್ಕೆ ಯಾವ ಊನವೂ ಇಲ್ಲ. ಕನ್ನಡದಲ್ಲಿ ಸಹಿ ಹಾಕಿದರೆ ಬ್ಯಾಂಕಿನಲ್ಲಿ ತೊಂದರೆಯಾಗುತ್ತದೆ ಎಂಬ ಮಾತನ್ನು ಓದಿದವರ ಬಾಯಲ್ಲೂ ಕೇಳಿದ್ದೇನೆ. ಅದು ಬರಿಯ ಅಂಜಿಕೆ. ಚೆಕ್ಕನ್ನೇ ಕನ್ನಡದಲ್ಲಿ ಬರೆಯಬಹುದೆಂದು ರಿಸರ್ವ್ ಬ್ಯಾಂಕ್ ಹೇಳಿರುವಾಗ ಸಹಿಗೆ ಯಾರ ಅಡ್ಡಿ?

ಸಹಿಯನ್ನು ರೂಢಿಸಿಕೊಳ್ಳುವ ಬಗೆ

ಹದಿನೆಂಟು ತುಂಬಿದ ಮಕ್ಕಳು ಬ್ಯಾಂಕ್ ಖಾತೆಗೆಂದು ಮೊದಲ ಬಾರಿ ಸಹಿ ಹಾಕುವಾಗ ಮೇಜಿನ ಮುಂದೆ ನಿಂತು ಆ ಕ್ಷಣದಲ್ಲಿ ಒಂದು ಸಹಿಯನ್ನು ಹುಟ್ಟಿಸುತ್ತಾರೆ. ಆರು ತಿಂಗಳು ಕಳೆದ ಮೇಲೆ ಅದು ಹೇಗಿತ್ತೆಂಬುದು ಅವರಿಗೇ ನೆನಪಿರುವುದಿಲ್ಲ. ಆದ್ದರಿಂದ ಮನೆಯಲ್ಲೇ ಒಂದು ವಾರ ಅಭ್ಯಾಸ ಮಾಡಿ. ಮೊದಲು ನಿಮ್ಮ ಹೆಸರನ್ನು ಎಂದಿನ ವೇಗದಲ್ಲಿ ಹತ್ತು ಸಲ ಬರೆಯಿರಿ, ಯಾವ ಅಕ್ಷರ ತಾನಾಗಿ ಒಂದೇ ರೀತಿ ಬರುತ್ತದೆಂದು ಗಮನಿಸಿ, ಅದರ ಮೇಲೆ ಸಹಿಯನ್ನು ಕಟ್ಟಿ. ಕನ್ನಡದ ಅಕ್ಷರಗಳು ದುಂಡಗಿರುವುದರಿಂದ ಕೈ ಎತ್ತದೆ ಒಂದರಿಂದ ಇನ್ನೊಂದಕ್ಕೆ ಹರಿಯುವುದು ಸುಲಭ; ಒತ್ತಕ್ಷರ, ದೀರ್ಘ, ಸೊನ್ನೆಗಳನ್ನು ಬರೆಯುವ ರೀತಿ ಒಬ್ಬೊಬ್ಬರದು ಒಂದೊಂದು ಥರ ಇರುವುದರಿಂದ ನಕಲು ಮಾಡುವವನಿಗೆ ಅಷ್ಟೇ ಕಷ್ಟ. ಒಂದು ಗೀಟು, ಎರಡು ಚುಕ್ಕೆಯಂಥ ಸಹಿಯನ್ನು ಯಾರು ಬೇಕಾದರೂ ಹಾಕಿಯಾರು. ಇಪ್ಪತ್ತು ಸುರುಳಿಯ ಸಹಿಯೂ ಬೇಡ. ಜ್ವರ ಬಂದ ದಿನ ಅದನ್ನು ನೀವೇ ಹಾಕಲಾರಿರಿ.

ನಮ್ಮ ಕಡೆಯ ಇನಿಷಿಯಲ್‌ಗಳ ವಿಷಯವನ್ನೂ ಇಲ್ಲೇ ತೀರ್ಮಾನಿಸಿಕೊಳ್ಳಬೇಕು. ಊರಿನ ಹೆಸರು, ತಂದೆಯ ಹೆಸರು ಮುಂದೆ, ತನ್ನ ಹೆಸರು ಹಿಂದೆ ಎಂಬುದು ಹಳೆಯ ಮೈಸೂರು ಸೀಮೆಯ ಪದ್ಧತಿ. ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ ಇದ್ದಾಗ ಹೆಸರಿಗೆ ತೊಡಕಾಗುತ್ತದೆಯೇ ಹೊರತು ಸಹಿಗೆ ಆಗುವುದಿಲ್ಲ. ಸಹಿ ಎಲ್ಲ ಕಡೆಯೂ ಒಂದೇ ಆಗಿದ್ದರೆ ಸಾಕು. ಇನಿಷಿಯಲ್ ಸೇರಿಸುವುದಾದರೆ ಎಲ್ಲ ಕಡೆಯೂ ಸೇರಿಸಿ, ಬಿಡುವುದಾದರೆ ಎಲ್ಲ ಕಡೆಯೂ ಬಿಡಿ. ದೊಡ್ಡ ಸಹಿಯ ಜೊತೆಗೆ ಪುಟಗಳ ಅಂಚಿನಲ್ಲಿ, ತಿದ್ದುಪಡಿಗಳ ಪಕ್ಕದಲ್ಲಿ ಹಾಕಲು ಒಂದು ಚಿಕ್ಕ ಸಹಿಯನ್ನೂ ರೂಢಿಸಿಕೊಳ್ಳಿ. ಖಾತೆ ತೆರೆಯುವಾಗ ಕೊಟ್ಟ ಮಾದರಿ ಸಹಿಯ ಫೋಟೋವನ್ನು ಮಾತ್ರ ಮೊಬೈಲಿನಲ್ಲಿ ಬಿಚ್ಚಿಡಬೇಡಿ, ಯಾರಿಗೂ ಕಳಿಸಬೇಡಿ. ಸಹಿಯ ಕೆಳಗೆ ಗೀಟೆಳೆದರೆ ಅದೃಷ್ಟ, ಮೇಲಕ್ಕೆ ಬಾಗಿಸಿದರೆ ಬಡ್ತಿ ಎಂದು ಹೇಳುವವರು ಪೇಟೆಯಲ್ಲಿ ಸಿಗುತ್ತಾರೆ. ಅವರ ಮಾತು ಕೇಳಿ ನಲವತ್ತರ ವಯಸ್ಸಿನಲ್ಲಿ ಸಹಿ ಬದಲಿಸಿ, ಚೆಕ್ಕುಗಳೆಲ್ಲ ವಾಪಸಾದವರನ್ನು ಕೌಂಟರಿನ ಈಚೆಯಿಂದ ನೋಡಿದ್ದೇನೆ.

ಸಹಿ ಹಾಕುವ ಮೊದಲು

ನಮ್ಮ ಚಿಕ್ಕಪ್ಪ ಒಮ್ಮೆ ಪರಿಚಯದವರೊಬ್ಬರ ಸಾಲದ ಅರ್ಜಿಗೆ ಸಹಿ ಹಾಕಿ ಬಂದರು. ಮನೆಯಲ್ಲಿ ಕೇಳಿದಾಗ, ‘ಸಾಕ್ಷಿಗೆ ಅಂತ ಕರೆದರು, ಹಾಕಿ ಬಂದೆ’ ಎಂದರು. ಮೂರು ವರ್ಷಗಳ ನಂತರ ವಸೂಲಿ ನೋಟಿಸು ಅವರ ಹೆಸರಿಗೂ ಬಂತು. ಅವರು ಹಾಕಿದ್ದು ಸಾಕ್ಷಿಯ ಸಹಿಯಲ್ಲ, ಜಾಮೀನಿನ ಸಹಿ. ಭಾರತೀಯ ಕರಾರು ಅಧಿನಿಯಮ, 1872ರ 128ನೆಯ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಆಗಿರುತ್ತದೆ. ಸಾಲಗಾರನ ಆಸ್ತಿಯೆಲ್ಲ ಮುಗಿದ ಮೇಲೆ ತಾನೇ ನನ್ನ ಸರದಿ ಎಂದು ಜಾಮೀನುದಾರ ಕೂತಿರುವಂತಿಲ್ಲ, ಸಾಲ ಕೊಟ್ಟವರು ನೇರವಾಗಿ ಅವನನ್ನೇ ಕೇಳಬಹುದು. ಸಾಕ್ಷಿಯ ಸ್ಥಿತಿ ಬೇರೆ. ಇಂಥವರು ನನ್ನ ಕಣ್ಣೆದುರು ಸಹಿ ಹಾಕಿದರು ಎಂಬುದಕ್ಕಷ್ಟೇ ಅವನು ಸಾಕ್ಷಿ. ಪತ್ರದ ಒಳಗಿನ ಹಣಕ್ಕೆ ಅವನು ಹೊಣೆಯಲ್ಲ. ಆದ್ದರಿಂದ ಪೆನ್ನು ಮುಟ್ಟುವ ಮೊದಲು ನೋಡಬೇಕಾದದ್ದು ಸಹಿಗೆಂದು ಬೆರಳು ತೋರಿಸಿದ ಜಾಗದ ಕೆಳಗೆ ಅಚ್ಚಾಗಿರುವ ಪದವನ್ನು: ಸಾಲಗಾರ, ಸಹಸಾಲಗಾರ, ಜಾಮೀನುದಾರ, ಸಾಕ್ಷಿ, ಬರೆದುಕೊಟ್ಟವರು, ಬರೆಸಿಕೊಂಡವರು. ಪತ್ರದ ಕೊನೆಯಲ್ಲಿ ಕಾಣುವ ‘ಬಿಕ್ಕಲಂ’ ಎಂಬ ಜಾಗ ಪತ್ರ ಬರೆದವರದು, ನಿಮ್ಮದಲ್ಲ.

ಎರಡನೆಯ ಮಾತು ಖಾಲಿ ಜಾಗದ್ದು. ಸಹಿಯ ಮೇಲೆ ಎಷ್ಟು ಜಾಗ ಖಾಲಿಯಿದೆಯೋ ಅಷ್ಟನ್ನೂ ಇನ್ನೊಬ್ಬರು ತುಂಬಬಲ್ಲರು, ತುಂಬಿದ ಮೇಲೆ ಅದು ನೀವು ಹೇಳಿದ ‘ಸರಿ’ಯೇ ಆಗುತ್ತದೆ. ಮೊತ್ತ ಬರೆಯದ ಪ್ರೋನೋಟಿಗೆ (ಸಾಲ ತೀರಿಸುತ್ತೇನೆಂದು ಬರೆದುಕೊಡುವ ಪತ್ರಕ್ಕೆ), ಬರೀ ರೆವಿನ್ಯೂ ಸ್ಟಾಂಪು ಅಂಟಿಸಿದ ಕಾಗದಕ್ಕೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ಕೈಸಾಲದ ವ್ಯವಹಾರದಲ್ಲಿ ಇನ್ನೂ ಹೋಗಿಲ್ಲ. ಹುಂಡಿ, ಪ್ರೋನೋಟು, ಚೆಕ್ಕುಗಳ ಕುರಿತಾದ 1881ರ ಅಧಿನಿಯಮದ 20ನೆಯ ಕಲಮು, ಹೀಗೆ ಸ್ಟಾಂಪು ಸಹಿತ ಸಹಿ ಹಾಕಿ ಕೊಟ್ಟ ಕಾಗದವನ್ನು ಭರ್ತಿ ಮಾಡುವ ಅಧಿಕಾರವನ್ನು ಪಡೆದವನಿಗೆ ಮೇಲ್ನೋಟಕ್ಕೆ ಕೊಟ್ಟಂತೆ ಎಂದು ಹೇಳುತ್ತದೆ. ಖಾಲಿ ಚೆಕ್ಕಿನ ವಿಷಯದಲ್ಲೂ ಸುಪ್ರೀಂ ಕೋರ್ಟು 2019ರಲ್ಲಿ ಇದೇ ನಿಲುವನ್ನು ಗಟ್ಟಿ ಮಾಡಿತು: ಸ್ವಇಚ್ಛೆಯಿಂದ ಸಹಿ ಹಾಕಿ ಕೊಟ್ಟ ಚೆಕ್ಕನ್ನು ಬೇರೆಯವರು ತುಂಬಿದರೂ, ಅದು ಬಾಕಿ ತೀರಿಸಲೆಂದೇ ಕೊಟ್ಟದ್ದು ಎಂಬ ಊಹೆಯಿಂದಲೇ ನ್ಯಾಯಾಲಯ ಹೊರಡುತ್ತದೆ, ಅದು ಸುಳ್ಳೆಂದು ತೋರಿಸುವ ಭಾರ ಸಹಿ ಹಾಕಿದವನದು. ‘ನಂಬಿಕೆಯ ಮೇಲೆ ಕೊಟ್ಟೆ’ ಎಂಬುದು ಅಲ್ಲಿ ಉತ್ತರವಾಗುವುದಿಲ್ಲ.

ಹಾಗಾಗಿ ಸಹಿಯನ್ನು ಕೊನೆಯ ಸಾಲಿನ ಕೆಳಗೆ ಒತ್ತಾಗಿ ಹಾಕಿ. ಉಳಿದ ಖಾಲಿ ಜಾಗಕ್ಕೆ ಅಡ್ಡಗೀಟು ಎಳೆಯಿರಿ. ಹಲವು ಪುಟಗಳ ಪತ್ರವಾದರೆ ಪ್ರತಿ ಪುಟದಲ್ಲೂ ಸಹಿ ಇರಲಿ. ಕೊನೆಯ ಪುಟಕ್ಕಷ್ಟೇ ಸಹಿ ಹಾಕಿದರೆ ನಡುವಿನ ಪುಟ ಬದಲಾಗಿದೆ ಎಂದು ತೋರಿಸುವುದು ಕಷ್ಟ. ಕಾಟು ಹಾಕಿದ ಪ್ರತಿ ಪದದ ಪಕ್ಕದಲ್ಲಿ ಚಿಕ್ಕ ಸಹಿ ಇರಲಿ. ತಾರೀಖನ್ನು ನಿಮ್ಮ ಕೈಯಿಂದಲೇ ಬರೆಯಿರಿ. ಪೂರ್ತಿಯಾದ ಪತ್ರದ ಒಂದು ಪ್ರತಿಯನ್ನು ಅಲ್ಲೇ ಪಡೆದುಕೊಂಡು ಏಳಿರಿ. ಓದುಬರಹ ಬಲ್ಲವರು ‘ನಾನು ಓದದೆ ಸಹಿ ಹಾಕಿದೆ’ ಎಂದು ವಾದಿಸಿದರೆ ಅದು ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ತಾಲ್ಲೂಕು ಕಚೇರಿಯ ಮುಂದಿನ ಟೈಪಿಂಗ್ ಅಂಗಡಿಯಲ್ಲಿ ಹಿಂದೆ ಹತ್ತು ಜನ ಕಾಯುತ್ತಿದ್ದಾರೆಂಬ ಸಂಕೋಚಕ್ಕೆ ಓದದೆ ಸಹಿ ಹಾಕುವವರೇ ಹೆಚ್ಚು. ಅಂಥ ಸಂಕೋಚ ಬೇಡ. ಆ ಹತ್ತು ಜನರೂ ತಮ್ಮ ಸರದಿ ಬಂದಾಗ ಓದಲಿ.

ಸಣ್ಣ ಸಹಿಯೊಂದು ಸತ್ತುಹೋಗುತ್ತಿರುವ ಸಾಲಕ್ಕೆ ಮರುಜೀವ ಕೊಡುವುದೂ ಉಂಟು. ಪ್ರೋನೋಟಿನ ಮೇಲೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಅವಧಿ. ಆ ಅವಧಿ ಮುಗಿಯುವ ಮೊದಲು ಸಾಲಗಾರನು ‘ಬಾಕಿ ಇರುವುದು ನಿಜ’ ಎಂದು ಬರೆದು ಸಹಿ ಹಾಕಿದರೆ, 1963ರ ಕಾಲಮಿತಿ ಅಧಿನಿಯಮದ 18ನೆಯ ಕಲಮಿನಂತೆ ಅಲ್ಲಿಂದ ಹೊಸದಾಗಿ ಮೂರು ವರ್ಷ ಎಣಿಕೆಯಾಗುತ್ತದೆ. ಕೊಟ್ಟವರು ಹಾಕಿಸಿಕೊಳ್ಳಬೇಕಾದ ಸಹಿ ಇದು, ಪಡೆದವರು ಯೋಚಿಸಿ ಹಾಕಬೇಕಾದ ಸಹಿ ಇದು.

ರಸೀತಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 5,000 ರೂಪಾಯಿಗಿಂತ ಹೆಚ್ಚಿನ ಹಣ ಮುಟ್ಟಿದ ರಸೀತಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪು ಬೇಕು. ಸ್ಟಾಂಪು ಮತ್ತೆ ಬಳಕೆಯಾಗದಂತೆ ಸಹಿ ಅರ್ಧ ಅದರ ಮೇಲೆ, ಅರ್ಧ ಕಾಗದದ ಮೇಲೆ ಹಾಯಬೇಕು. ಆಧಾರ್, ಪಹಣಿ ಮುಂತಾದವುಗಳ ಜೆರಾಕ್ಸ್ ಪ್ರತಿಯನ್ನು ಕೊಡುವಾಗ ಬರೀ ಸಹಿ ಹಾಕದೆ, ಯಾವ ಕೆಲಸಕ್ಕಾಗಿ ಕೊಟ್ಟದ್ದೆಂದು ಒಂದು ಸಾಲು ಬರೆದು, ಆ ಬರಹ ದಾಖಲೆಯ ಅಕ್ಷರಗಳ ಮೇಲೆ ಹಾಯುವಂತೆ ತಾರೀಖಿನ ಸಮೇತ ಸಹಿ ಹಾಕಿದರೆ ಅದೇ ಪ್ರತಿ ಇನ್ನೊಂದು ಕಡೆ ಹೋಗಿ ಸಿಮ್ ಕಾರ್ಡ್ ಆಗುವುದು ತಪ್ಪುತ್ತದೆ.

ಉಯಿಲಿಗೆ ಬೇಕಾದ ಸಹಿಗಳು

ಉಯಿಲಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇರುವುದರಿಂದ ಅದನ್ನು ಪ್ರತ್ಯೇಕವಾಗಿ ಹೇಳುತ್ತೇನೆ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬಿಳಿ ಹಾಳೆಯಲ್ಲಿ ಕೈಯಿಂದ ಬರೆದರೂ ನಡೆಯುತ್ತದೆ. ಕಡ್ಡಾಯವಾದದ್ದು ಸಹಿಗಳು ಮಾತ್ರ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಬರೆದವರು ಸಹಿ ಅಥವಾ ಗುರುತು ಹಾಕಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ನೋಡಿರಬೇಕು ಅಥವಾ ತಾವು ಹಾಕಿದ್ದು ನಿಜವೆಂದು ಬರೆದವರೇ ಅವರಿಗೆ ಹೇಳಿರಬೇಕು, ಮತ್ತು ಅವರಿಬ್ಬರೂ ಬರೆದವರ ಎದುರಿನಲ್ಲೇ ತಮ್ಮ ಸಹಿ ಹಾಕಬೇಕು. ಇಬ್ಬರೂ ಒಂದೇ ಹೊತ್ತಿನಲ್ಲಿ ಹಾಜರಿರಬೇಕೆಂದಿಲ್ಲ, ಉಯಿಲಿನ ಒಳಗೆ ಏನಿದೆ ಎಂಬುದು ಅವರಿಗೆ ತಿಳಿಯಬೇಕೆಂದೂ ಇಲ್ಲ. ಸಾಕ್ಷಿಗಳು ಆಸ್ತಿಯಲ್ಲಿ ಪಾಲು ಪಡೆಯದವರಾಗಿರಲಿ, ಬರೆದವರಿಗಿಂತ ವಯಸ್ಸಿನಲ್ಲಿ ಚಿಕ್ಕವರಾಗಿರಲಿ. ಮುಂದೆ ನ್ಯಾಯಾಲಯಕ್ಕೆ ಬಂದು ಹೇಳಲು ಅವರು ಬದುಕಿರಬೇಕಷ್ಟೆ. ಜಮೀನನ್ನು ದಾನಪತ್ರದ ಮೂಲಕ ಕೊಡುವಾಗಲೂ ಇಬ್ಬರು ಸಾಕ್ಷಿಗಳು ಕಡ್ಡಾಯ, ಅಲ್ಲಿ ನೋಂದಣಿಯೂ ಕಡ್ಡಾಯ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ಬಂದ ಮೇಲೆ ಎಲೆಕ್ಟ್ರಾನಿಕ್ ಸಹಿಗೂ ಮಾನ್ಯತೆ ಇದೆಯಾದರೂ ಉಯಿಲನ್ನು ಅದರಿಂದ ಹೊರಗಿಟ್ಟಿದ್ದಾರೆ. ಅದಕ್ಕೆ ಕೈಯ ಸಹಿಯೇ ಆಗಬೇಕು.

ಚೆಕ್ಕಿನ ಮೇಲೆ

ಚೆಕ್ಕಿನಲ್ಲಿ ಅಚ್ಚಾದ ಹೆಸರಿನ ಮೇಲ್ಭಾಗದಲ್ಲಿ, ಅಡಿಯ ಬಿಳಿ ಪಟ್ಟಿಯನ್ನು ಮುಟ್ಟದಂತೆ ಸಹಿ ಹಾಕಬೇಕು. ಆ ಪಟ್ಟಿಯಲ್ಲಿರುವ ಅಂಕಿಗಳನ್ನು ಯಂತ್ರ ಓದುತ್ತದೆ. ಈಗ ಚೆಕ್ಕಿನ ಬದಲು ಅದರ ಚಿತ್ರ ಮಾತ್ರ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವುದರಿಂದ ಕಪ್ಪು ಅಥವಾ ನೀಲಿ ಶಾಯಿಯನ್ನೇ ಬಳಸಿ. ಹೆಸರು, ಮೊತ್ತವನ್ನು ತಿದ್ದಿ ಪಕ್ಕದಲ್ಲಿ ಸಹಿ ಹಾಕುವ ಹಳೆಯ ಪದ್ಧತಿ ನಡೆಯುವುದಿಲ್ಲ, ಹೊಸ ಚೆಕ್ಕನ್ನೇ ಬರೆಯಬೇಕು. ಚೆಕ್ಕಿನ ಆಯಸ್ಸು ಬರೆದ ತಾರೀಖಿನಿಂದ ಮೂರು ತಿಂಗಳು. ಸಹಿ ಹೊಂದಾಣಿಕೆಯಾಗದೆ ಚೆಕ್ಕು ವಾಪಸಾದರೆ ಅದು ಬರಿಯ ತಾಂತ್ರಿಕ ದೋಷ ಎಂದುಕೊಳ್ಳುವಂತಿಲ್ಲ: ಹಣ ಕೊಡುವುದನ್ನು ತಪ್ಪಿಸಲು ಬೇಕೆಂದೇ ಸಹಿಯನ್ನು ಬೇರೆ ಮಾಡಿದರೂ, ಚೆಕ್ ಬೌನ್ಸ್ ಅಪರಾಧದ ಕುರಿತಾದ ಅದೇ 1881ರ ಅಧಿನಿಯಮದ 138ನೆಯ ಕಲಮು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ.

ವಯಸ್ಸಾದಂತೆ ಕೈ ನಡುಗಿ ಸಹಿ ಬದಲಾಗುವುದು ಸಹಜ. ಮೂರು ಚೆಕ್ಕು ವಾಪಸು ಬರುವವರೆಗೆ ಕಾಯದೆ ಶಾಖೆಗೆ ಹೋಗಿ ಹೊಸ ಮಾದರಿ ಸಹಿಯನ್ನು ಕೊಡಬೇಕು. ಕಾಯಿಲೆಯಿಂದ ಸಹಿ ಹಾಕಲು ಆಗದವರ ಹೆಬ್ಬೆಟ್ಟನ್ನು, ಕೈಯಿಲ್ಲದವರ ಕಾಲ್ಬೆರಳಿನ ಗುರುತನ್ನು ಕೂಡ ಬ್ಯಾಂಕು ಸ್ವೀಕರಿಸಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಅದನ್ನು ಗುರುತಿಸಲು ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳಿರಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಪಿಂಚಣಿ ಪಡೆಯುವ ತಂದೆತಾಯಿಯ ಸಹಿಯನ್ನು ಮಕ್ಕಳೇ ಹಾಕಿ ಚೆಕ್ಕು ತರುವುದು ಹಳ್ಳಿಗಳಲ್ಲಿ ಅಪರೂಪವೇನಲ್ಲ. ಉದ್ದೇಶ ಒಳ್ಳೆಯದಿದ್ದರೂ ಅದು ಫೋರ್ಜರಿಯೇ.

ಹೆಬ್ಬೆಟ್ಟು

‘ಹೆಬ್ಬೆಟ್ಟು’ ಎಂಬುದನ್ನು ಬೈಗುಳದಂತೆ ಬಳಸುವವರಿಗೆ ಕಾನೂನು ಗೊತ್ತಿಲ್ಲ. 1897ರ ಸಾಮಾನ್ಯ ಖಂಡಗಳ ಅಧಿನಿಯಮದಲ್ಲಿ, ಹೆಸರು ಬರೆಯಲಾಗದವರ ವಿಷಯದಲ್ಲಿ ‘ಸಹಿ’ ಎಂದರೆ ‘ಗುರುತು’ ಕೂಡ ಸೇರುತ್ತದೆ ಎಂದು ಸ್ಪಷ್ಟವಾಗಿದೆ. ಕರಾರಿನ ಮೇಲೆ ಕೈಯ ಅಚ್ಚು ತೆಗೆದುಕೊಳ್ಳುವ ಪದ್ಧತಿಯ ಆಧುನಿಕ ಚರಿತ್ರೆ ಶುರುವಾದದ್ದೇ ನಮ್ಮ ದೇಶದಲ್ಲಿ: 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಸ್ತೆಗೆ ಜಲ್ಲಿ ಒದಗಿಸುವ ಗುತ್ತಿಗೆದಾರ ರಾಜ್ಯಧರ ಕೊನಾಯ್ ಎಂಬುವರ ಅಂಗೈಯ ಅಚ್ಚನ್ನು ಕರಾರಿನ ಹಿಂದೆ ಒತ್ತಿಸಿಕೊಂಡ. ಇಂದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಎಷ್ಟು ಓದಿದವರಾದರೂ ಹೆಬ್ಬೆಟ್ಟು ಕೊಡಲೇಬೇಕು.

ಹೆಬ್ಬೆಟ್ಟು ತೆಗೆದುಕೊಳ್ಳುವವರು ಅವಸರ ಮಾಡಬಾರದು. ಬೆರಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ, ಇಂಕ್ ಪ್ಯಾಡಿನ ಮೇಲೆ ತೆಳುವಾಗಿ ಮುಟ್ಟಿಸಿ, ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ಸಲ ಹೊರಳಿಸಬೇಕು. ಗಟ್ಟಿಯಾಗಿ ಅದುಮಿದರೆ ಗೆರೆಗಳು ಕೂಡಿಕೊಂಡು ನೀಲಿ ಮಚ್ಚೆಯಷ್ಟೇ ಉಳಿಯುತ್ತದೆ. ನಮ್ಮ ಹಳೆಯ ಪತ್ರಗಳಲ್ಲಿ ಅರ್ಧಕ್ಕರ್ಧ ಹಾಗೆಯೇ ಇರುತ್ತವೆ, ವ್ಯಾಜ್ಯ ಬಂದಾಗ ಅವುಗಳಿಂದ ಏನೂ ಪ್ರಯೋಜನವಿಲ್ಲ. ಶಿಡ್ಲಘಟ್ಟದಲ್ಲಿ ಬಿಸಿನೀರಿನಲ್ಲಿ ಕೈಯಿಟ್ಟು ರೇಷ್ಮೆಗೂಡಿನ ನೂಲು ಬಿಚ್ಚುವವರ, ಗಾರೆ ಕೆಲಸದವರ ಬೆರಳಿನ ಗೆರೆಗಳು ಸವೆದಿರುವುದರಿಂದ ಒಂದಕ್ಕೆ ಎರಡು ಅಚ್ಚು ತೆಗೆದುಕೊಳ್ಳುವುದು ಒಳ್ಳೆಯದು. ಯಾವ ಕೈಯದೆಂದು ಅರ್ಜಿಯಲ್ಲೇ ಸೂಚಿಸಿರುತ್ತದೆ. ಅಚ್ಚಿನ ಪಕ್ಕದಲ್ಲಿ ‘ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು’ ಎಂದು ಬರೆದು, ಬರೆದವರ ಸಹಿ ಹಾಕಿಸಬೇಕು. ಪತ್ರವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಲಾಗಿದೆ, ಅವರು ಒಪ್ಪಿದ್ದಾರೆ ಎಂಬ ಒಕ್ಕಣೆಯನ್ನೂ ಸೇರಿಸಬೇಕು. ಪ್ಯಾನ್ ಅರ್ಜಿಯ ಹೆಬ್ಬೆಟ್ಟಿಗೆ ಮ್ಯಾಜಿಸ್ಟ್ರೇಟ್, ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯ ಮೊಹರು ಸಹಿತ ದೃಢೀಕರಣ ಬೇಕು.

ಸಾಕ್ಷರತಾ ಆಂದೋಲನದ ಮತ್ತು ಸ್ತ್ರೀಶಕ್ತಿ ಸಂಘಗಳ ದೆಸೆಯಿಂದ ಸಹಿ ಕಲಿತ ಹೆಂಗಸರು ನಮ್ಮ ಶಾಖೆಗೆ ಬರುತ್ತಿದ್ದರು. ಒಬ್ಬ ಅಜ್ಜಿ ತಮ್ಮ ಹೆಸರಿನ ನಾಲ್ಕು ಅಕ್ಷರಗಳನ್ನು ರಂಗೋಲಿಯ ಚುಕ್ಕಿ ಸೇರಿಸುವಂತೆ, ಕೆಳಗಿನಿಂದ ಮೇಲಕ್ಕೆ ಬಿಡಿಸುತ್ತಿದ್ದರು, ದಿನಕ್ಕೊಂದು ಆಕಾರ. ಹೆಬ್ಬೆಟ್ಟು ಹಾಕಿ ಎಂದರೆ ಅವರಿಗೆ ಅವಮಾನ. ನಾವು ಆ ಸಹಿಯನ್ನೇ ಒಪ್ಪಿ, ಫೋಟೋ ನೋಡಿ, ಖುದ್ದಾಗಿ ಬಂದಾಗ ಮಾತ್ರ ಹಣ ಕೊಡುತ್ತಿದ್ದೆವು. ಆದರೆ ಇಲ್ಲೊಂದು ಅಪಾಯವಿದೆ. ಸಹಿ ಮಾತ್ರ ಕಲಿತು ಓದು ಕಲಿಯದವರನ್ನು ಕಾಗದದ ಲೋಕ ಓದು ಬಲ್ಲವರೆಂದೇ ಎಣಿಸುತ್ತದೆ, ಹೆಬ್ಬೆಟ್ಟಿನವರಿಗೆ ಸಿಗುವ ‘ಓದಿ ಹೇಳಲಾಗಿದೆ’ ಎಂಬ ರಕ್ಷಣೆ ಅವರಿಗೆ ತಪ್ಪಿಹೋಗುತ್ತದೆ. ಅಂಥವರು ಆ ಒಕ್ಕಣೆಯನ್ನು ಕೇಳಿ ಹಾಕಿಸಿಕೊಳ್ಳಬೇಕು.

ನಿಮ್ಮದಲ್ಲದ ಸಹಿ ಕಂಡಾಗ

ನಿಮ್ಮ ಹೆಸರಿನಲ್ಲಿ ಬೇರೆಯವರು ಸಹಿ ಹಾಕಿದ್ದಾರೆಂದು ತಿಳಿದ ದಿನವೇ ಸಂಬಂಧಪಟ್ಟ ಬ್ಯಾಂಕಿಗೆ ಅಥವಾ ಕಚೇರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ, ಪೊಲೀಸರಿಗೆ ದೂರು ಕೊಡಿ. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಫೋರ್ಜರಿಗೆ 336ನೆಯ ಕಲಮು, ಉಯಿಲು ಮತ್ತು ಮೌಲ್ಯವುಳ್ಳ ಪತ್ರಗಳ ಫೋರ್ಜರಿಗೆ ಇನ್ನೂ ಕಠಿಣವಾದ 338ನೆಯ ಕಲಮು ಇವೆ. ವಿವಾದದ ಸಹಿ ಯಾವ ವರ್ಷದ್ದೋ ಅದೇ ಕಾಲದ ನಿಮ್ಮ ನಿಜವಾದ ಸಹಿಗಳನ್ನು ಹಳೆಯ ಪಾಸ್‌ಬುಕ್ ಅರ್ಜಿ, ಸಂಘದ ನಡವಳಿ ಪುಸ್ತಕ, ಶಾಲೆಯ ಪ್ರಗತಿ ಪತ್ರಗಳಿಂದ ಹುಡುಕಿ ಇಟ್ಟುಕೊಳ್ಳಿ. ತಜ್ಞರು ಹೋಲಿಸುವುದು ಅವುಗಳ ಜೊತೆಗೇ. ಅವರು ನೋಡುವುದು ಆಕಾರವನ್ನಷ್ಟೇ ಅಲ್ಲ. ನಿಜವಾದ ಸಹಿ ವೇಗವಾಗಿ ಹರಿದಿರುತ್ತದೆ, ಗೆರೆಯ ತುದಿ ಸಪೂರವಾಗಿ ಮುಗಿಯುತ್ತದೆ. ನೋಡಿ ಬಿಡಿಸಿದ ಸಹಿಯಲ್ಲಿ ಗೆರೆ ಅಲುಗಿರುತ್ತದೆ, ತುದಿ ಮೊಂಡಾಗಿರುತ್ತದೆ, ಪೆನ್ನು ಎತ್ತಬಾರದ ಕಡೆ ಎತ್ತಿರುತ್ತದೆ. ಎರಡು ಸಹಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದರ ಮೇಲೊಂದು ಕೂತರೆ ಅವುಗಳಲ್ಲಿ ಒಂದು ನಕಲು ಎಂದೇ ಅನುಮಾನಿಸಬೇಕು, ಏಕೆಂದರೆ ಯಾರ ಕೈಯೂ ಎರಡು ಸಲ ಒಂದೇ ಸಹಿ ಹಾಕುವುದಿಲ್ಲ.

ಹಸ್ತಾಕ್ಷರ ಕೇಳುವುದು, ಕಾಪಾಡುವುದು

ಶಾಲೆ ಬಿಡುವ ವರ್ಷ ಬಣ್ಣದ ಹಾಳೆಗಳ ಆಟೋಗ್ರಾಫ್ ಪುಸ್ತಕವನ್ನು ಗೆಳೆಯರಿಗೂ ಮೇಷ್ಟರಿಗೂ ಕೊಟ್ಟು ಬರೆಸಿಕೊಂಡವರಿಗೆ ಹಸ್ತಾಕ್ಷರದ ರುಚಿ ಹೇಳಿಕೊಡಬೇಕಾಗಿಲ್ಲ. ಪ್ರಸಿದ್ಧರಿಂದ ಪಡೆಯುವಾಗ ಮಾತ್ರ ಕೆಲವು ಕ್ರಮಗಳಿವೆ. ಸಮಾರಂಭ ಮುಗಿದು ಅವರು ವೇದಿಕೆಯಿಂದ ಇಳಿದ ಮೇಲೆ ಕೇಳಿ. ಊಟದ ಎಲೆಯ ಮುಂದೆ, ದೇವಸ್ಥಾನದಲ್ಲಿ, ಸಾವಿನ ಮನೆಯಲ್ಲಿ ಕೇಳಬೇಡಿ. ಬರೆಸಬೇಕಾದ ಪುಟವನ್ನು ತೆರೆದು, ಬರೆಯುತ್ತದೆಯೇ ಎಂದು ನೋಡಿಕೊಂಡ ಪೆನ್ನಿನ ಜೊತೆ ಎರಡೂ ಕೈಯಲ್ಲಿ ಕೊಡಿ. ‘ಇಂಥವರಿಗೆ’ ಎಂದು ಬರೆಸಬೇಕಾದರೆ ಹೆಸರನ್ನು ಚೀಟಿಯಲ್ಲಿ ಬರೆದು ತೋರಿಸಿದರೆ ಗದ್ದಲದಲ್ಲಿ ‘ಮಂಜುಳ’ ‘ಮಂಜುನಾಥ’ ಆಗುವುದು ತಪ್ಪುತ್ತದೆ. ಊರು, ತಾರೀಖು ಬರೆಯಿರೆಂದು ವಿನಯದಿಂದ ಕೇಳಬಹುದು. ಮುಂದೆ ಅದೇ ಆ ಪುಟದ ಚರಿತ್ರೆ. ಖಾಲಿ ಬಿಳಿ ಹಾಳೆಯನ್ನು ಮಾತ್ರ ಯಾರ ಮುಂದೆಯೂ ಚಾಚಬೇಡಿ. ಮೇಲೆ ಹೇಳಿದ ಖಾಲಿ ಜಾಗದ ಭಯ ಅವರಿಗೂ ಇರುತ್ತದೆ, ಮತ್ತು ತಿಳಿದವರು ಅದಕ್ಕೆ ಬ್ಯಾಂಕಿನ ಸಹಿಗಿಂತ ಬೇರೆಯದೇ ಆದ ಸಹಿಯನ್ನು ಹಾಕುತ್ತಾರೆ. ನಾಳೆ ನಿಮ್ಮ ಬಳಿಯೇ ಯಾರಾದರೂ ಹಸ್ತಾಕ್ಷರ ಕೇಳುವಂತಾದರೆ ನೀವೂ ಹಾಗೆಯೇ ಮಾಡಿ.

ಹಣ ಕೊಟ್ಟು ಹಸ್ತಾಕ್ಷರ ಕೊಳ್ಳುವವರು ಭೂತಗನ್ನಡಿಯನ್ನು ಜೊತೆಗಿಟ್ಟುಕೊಳ್ಳಬೇಕು. ಅಚ್ಚಿನ ಸಹಿಯಾದರೆ ಗೆರೆ ಹೆಚ್ಚಾಗಿ ಸಣ್ಣ ಚುಕ್ಕಿಗಳಾಗಿ ಒಡೆದು ಕಾಣುತ್ತದೆ. ಪೆನ್ನಿನದಾದರೆ ಶಾಯಿ ಕಾಗದದ ನಾರಿಗೆ ಹರಡಿರುತ್ತದೆ, ಬಾಲ್ ಪೆನ್ನಾದರೆ ಹಾಳೆಯ ಹಿಂಭಾಗದಲ್ಲಿ ಉಬ್ಬು ತಟ್ಟುತ್ತದೆ. ನಿಮ್ಮ ಜೇಬಿನ ನೋಟಿನ ಮೇಲೂ ಒಂದು ಸಹಿ ಇದೆ, 1 ರೂಪಾಯಿಯದಾದರೆ ಹಣಕಾಸು ಕಾರ್ಯದರ್ಶಿಯದು, ಉಳಿದವಾದರೆ ರಿಸರ್ವ್ ಬ್ಯಾಂಕ್ ಗವರ್ನರದು. ಅದೂ ಅಚ್ಚಿನ ಸಹಿಯೇ ಹೊರತು ಕೈಯಿಂದ ಹಾಕಿದ್ದಲ್ಲ.

ಪೆನ್ನಿನ ಆಯ್ಕೆ ಮುಖ್ಯ. ನೀರಿಗೆ ಕರಗದ, ಬಿಸಿಲಿಗೆ ಮಾಸದ ಪಿಗ್ಮೆಂಟ್ ಶಾಯಿಯ ಪೆನ್ನು ಪುಸ್ತಕಕ್ಕೆ ಉತ್ತಮ; ಮಾಮೂಲಿ ಫೌಂಟನ್ ಪೆನ್ನಿನ ಶಾಯಿ ನೋಡಲು ಚೆಂದ, ಆದರೆ ಒಂದು ಹನಿ ನೀರಿಗೆ ಹರಡುತ್ತದೆ. ನುಣುಪಾದ ಫೋಟೋಗೆ ಪರ್ಮನೆಂಟ್ ಮಾರ್ಕರ್ ಬೇಕು. ಉಜ್ಜಿದರೆ ಅಳಿಸಿಹೋಗುವ ಪೆನ್ನುಗಳು ಈಗ ಮಕ್ಕಳ ಕೈಯಲ್ಲಿವೆ. ಅವುಗಳ ಶಾಯಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮಾಯವಾಗುತ್ತದೆ, ಬಿಸಿಲಲ್ಲಿ ನಿಂತ ಕಾರಿನ ಮುಂಗಟ್ಟೆಯೇ ಅದಕ್ಕೆ ಸಾಕಾದೀತು. ಹಸ್ತಾಕ್ಷರಕ್ಕೂ ಬೇಡ, ಚೆಕ್ಕಿಗಂತೂ ಬೇಡವೇ ಬೇಡ.

ಪಡೆದ ಹಸ್ತಾಕ್ಷರವನ್ನು ಲ್ಯಾಮಿನೇಷನ್ ಮಾಡಿಸುವುದು ನಮ್ಮವರ ಮೊದಲ ಯೋಚನೆ, ಮತ್ತು ಅದೇ ದೊಡ್ಡ ತಪ್ಪು. ಶಾಖಕ್ಕೆ ಕರಗಿ ಅಂಟಿಕೊಂಡ ಪ್ಲಾಸ್ಟಿಕ್ಕನ್ನು ಕಾಗದ ಹಾಳಾಗದಂತೆ ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿ ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ. ಆಮ್ಲರಹಿತ ಕಾಗದದ ಲಕೋಟೆಯೊಳಗಿಟ್ಟು, ಗೋಡೆಗೆ ತಾಕದ ಬೀರುವಿನಲ್ಲಿ ಮಲಗಿಸಿಡಿ. ಚೌಕಟ್ಟು ಹಾಕಿಸಿ ತೂಗುಹಾಕುವ ಆಸೆಯಿದ್ದರೆ ಬಿಸಿಲು ಬೀಳದ ಗೋಡೆಯಲ್ಲಿ, ಗಾಜು ಶಾಯಿಗೆ ತಾಕದಂತೆ ನಡುವೆ ರಟ್ಟಿನ ಅಂಚು ಕೊಡಿಸಿ ಹಾಕಿಸಬೇಕು. ಅದಕ್ಕಿಂತ ಬಣ್ಣದ ಪ್ರತಿ ತೆಗೆಸಿ ಅದನ್ನು ತೂಗುಹಾಕಿ ಮೂಲವನ್ನು ಒಳಗಿಡುವುದು ಲೇಸು. ಒಣಗಿದ ಬೇವಿನೆಲೆಯನ್ನು ಬೀರುವಿನಲ್ಲಿ ಹರಡಬಹುದು, ಪುಟಗಳ ನಡುವೆ ಇಡಬಾರದು, ಎಲೆಯ ಕಲೆ ಅಲ್ಲೇ ನಿಲ್ಲುತ್ತದೆ. ಮಳೆಗಾಲ ಕಳೆದ ಮೇಲೆ ಒಂದು ಒಣ ದಿನ ಎಲ್ಲವನ್ನೂ ಹೊರಗೆ ತೆಗೆದು, ನೆರಳಿನಲ್ಲಿ ಗಾಳಿಗೆ ಹರಡಿ, ಮೆತ್ತನೆಯ ಕುಂಚದಿಂದ ಧೂಳು ಹೊಡೆದು, ಯಾರದು, ಎಲ್ಲಿ, ಯಾವಾಗ ಎಂದು ಬರೆದ ಚೀಟಿಗಳು ಲಕೋಟೆಯಲ್ಲೇ ಇವೆಯೇ ಎಂದು ನೋಡಿಕೊಂಡು ಮತ್ತೆ ಒಳಗಿಡಬೇಕು.